ಫಾರೂಕನ ಎಣ್ಣೆ ಡಬ್ಬಿ

ಎಣ್ಣೆಯೊಳಗೆ ಹಿತ್ತಾಳೆಯ ಹೊಳಪು ಇರಲೇಬೇಕಿತ್ತು. ಸುಭಾಷ ಹಿಟ್ಟು ನಾದುವ ಅಗಲ ಪರಾತದ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅದನ್ನು ಬಿಸಿಲಿನ ಕಡೆ ಒಂದಿಷ್ಟು ವಾಲಿಸಿ, ಮತ್ತೆ ನೆಟ್ಟಗೆ ಮಾಡಿ, ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ. ಜೀಪಿನ ಗೇರ್ ಪೆಟ್ಟಿಗೆಯಿಂದ ಈಗಷ್ಟೇ ಇಳಿಸಿದ ಎಣ್ಣೆ ಬೆಲ್ಲದ ಪಾಕದ ಹಾಗೆ ಕಪ್ಪುಗೆಂಪಾಗಿತ್ತು. ವರ್ಷವಿಡೀ ದುಡಿದ ಎಣ್ಣೆ ಹೇಗಿರಬೇಕೋ ಹಾಗೆಯೇ ಇತ್ತು. ಆದರೆ ಅದರಲ್ಲಿ ಅರಿಶಿನದ ಬಣ್ಣದ ಸಣ್ಣ ಕಣಗಳು ತೇಲಬೇಕಿತ್ತು, ಬಿಸಿಲಿಗೆ ಮಿನುಗಬೇಕಿತ್ತು. ಆರು ವರ್ಷ ತಪ್ಪು ಎಣ್ಣೆ ಕುಡಿದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಉಂಗುರಗಳು ಸವೆದು ಪುಡಿಯಾಗದೆ ಇನ್ನೇನಾಗುತ್ತವೆ? ಅವನು ಮೊಬೈಲಿನ ಟಾರ್ಚು ಹಾಕಿ ನೋಡಿದ. ಒಳಗಿನಿಂದ ಬಿಳಿ ಕರವಸ್ತ್ರ ತಂದು ಅದ್ದಿ ನೋಡಿದ. ಕುಷ್ಟಗಿಯಲ್ಲಿ ಆ ಭಾನುವಾರ ಬೆಳಿಗ್ಗೆ, ತನ್ನ ಗಾಡಿಯ ಹೊಟ್ಟೆ ಕೆಟ್ಟಿರಲಪ್ಪಾ ಎಂದು ಬೇಡಿಕೊಳ್ಳುತ್ತ ಕೂತವನು ಅವನೊಬ್ಬನೇ ಇದ್ದಿರಬೇಕು. ಹೊಳಪಿದ್ದರೆ ಅವನು ಸರಿ, ಮಿಸ್ತ್ರಿ ಫಾರೂಕ ತಪ್ಪು. ಹೊಳಪು ಇಲ್ಲದಿದ್ದರೆ ಏನು ಎನ್ನುವುದನ್ನು ಅವನು ಇಡೀ ವಾರ ಯೋಚಿಸಿರಲಿಲ್ಲ. ಕರವಸ್ತ್ರದ ಮೇಲೆ ಕಂದು ಕಲೆಯೊಂದು ಅಗಲವಾಗುತ್ತ ಹೋಯಿತು, ಅಷ್ಟೆ.

ಜೀಪು ಇಪ್ಪತ್ತೇಳು ವರ್ಷದ್ದು. ಆರು ವರ್ಷದ ಹಿಂದೆ ಸರ್ಕಾರಿ ಹರಾಜಿನಲ್ಲಿ ಕೊಂಡದ್ದು. ಹೈಸ್ಕೂಲಿನ ವಿಜ್ಞಾನ ಮಾಸ್ತರನಿಗೆ ನಾಲ್ಕೂ ಗಾಲಿ ತಿರುಗುವ ಗಾಡಿ ಯಾಕೆ ಬೇಕು ಎಂದು ಕೇಳದವರಿಲ್ಲ. ಬೇವೂರಿನ ಮದುವೆಗೆ ಹೋದಾಗ ಎರೆಮಣ್ಣಿನಲ್ಲಿ ಎಲ್ಲರ ಕಾರು ಹೂತು ಕೂತು, ತನ್ನದೊಂದೇ ಸಣ್ಣ ಲಿವರ್ ಎಳೆದೊಡನೆ ಗುರುಗುಡುತ್ತ ಹೊರಬಂದದ್ದನ್ನು ಅವನು ಉತ್ತರವಾಗಿ ಹೇಳುತ್ತಿದ್ದ. ಆರು ವರ್ಷದಲ್ಲಿ ಆ ಲಿವರ್ ಎಳೆದದ್ದು ಅದೊಂದೇ ಸಲ ಎನ್ನುವುದನ್ನು ಹೇಳುತ್ತಿರಲಿಲ್ಲ. ಇಂಥ ಗಾಡಿಗೆ ಎಣ್ಣೆ ಒಂದೇ ಕಡೆ ಹಾಕಿದರೆ ಸಾಲದು. ಗೇರ್ ಪೆಟ್ಟಿಗೆಗೆ ಬೇಕು, ಅದರ ಬೆನ್ನಿಗೆ ಅಂಟಿಕೊಂಡ ಫೋರ್‌ವೀಲಿನ ಸಣ್ಣ ಪೆಟ್ಟಿಗೆಗೆ ಬೇಕು, ಮುಂದಿನ ಹಿಂದಿನ ಗಾಲಿಗಳನ್ನು ತಿರುಗಿಸುವ ಎರಡೂ ಕ್ರೌನಿಗೆ ಬೇಕು. ಈ ಸಲದ ಬೇಸಿಗೆ ರಜೆಯಲ್ಲಿ ಅವನಿಗೆ ಮೊಬೈಲಿನಲ್ಲಿ ಓದುವ ಹುಚ್ಚು ಹತ್ತಿ, ಎಣ್ಣೆಯಲ್ಲಿ ನಾಲ್ಕನೇ ದರ್ಜೆ, ಐದನೇ ದರ್ಜೆ ಎಂದು ಎರಡಿವೆ, ಐದರಲ್ಲಿ ಗಂಧಕ ಹೆಚ್ಚು, ಅದು ಕ್ರೌನಿನ ಉಕ್ಕಿಗೆ ಒಳ್ಳೆಯದು, ಆದರೆ ಗೇರ್ ಪೆಟ್ಟಿಗೆಯೊಳಗಿನ ಹಿತ್ತಾಳೆ ಉಂಗುರಗಳನ್ನು ತಿನ್ನುತ್ತದೆ ಎನ್ನುವುದು ಗೊತ್ತಾಗಿತ್ತು. ಗಂಧಕ ತಾಮ್ರವನ್ನು ಹೇಗೆ ಕಪ್ಪು ಮಾಡುತ್ತದೆಂದು ಅವನೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ತೋರಿಸುವವನು. ತನ್ನ ಪಾಠ ತನ್ನ ಗಾಡಿಯೊಳಗೇ ನಡೆಯುತ್ತಿದೆಯೇನೋ ಎನ್ನಿಸಿ ಅವನಿಗೆ ನಿದ್ದೆ ಕೆಟ್ಟಿತ್ತು. ಹೋದ ಭಾನುವಾರ ವರ್ಷದ ಎಣ್ಣೆ ಬದಲಿಸಲು ತಾವರಗೇರಾ ರಸ್ತೆಯ ಫಾರೂಕನ ಗ್ಯಾರೇಜಿಗೆ ಹೋದಾಗ ಆ ಹುಚ್ಚು ಅವನ ಹೆಗಲ ಮೇಲೆಯೇ ಕೂತಿತ್ತು.

ಫಾರೂಕ ಡಬ್ಬಿ ಹಿಡಿದು ಜೀಪಿನ ಕೆಳಗೆ ಜಾರಲಿದ್ದ. ಹಸಿರು ಬಣ್ಣ ಅಲ್ಲಲ್ಲಿ ಕಿತ್ತುಹೋದ ಐದು ಲೀಟರಿನ ತಗಡಿನ ಡಬ್ಬಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಐದು ಎಂದಿತ್ತು. ನಿಲ್ಲಿರಿ, ಇದು ಐದನೇ ದರ್ಜೆಯದು, ಪೆಟ್ಟಿಗೆಗೆ ನಾಲ್ಕು ಹಾಕಬೇಕು ಎಂದ ಸುಭಾಷ. ಇದು ಪೆಟ್ಟಿಗೆಯದೇ, ಆರು ವರ್ಷದಿಂದ ಇದನ್ನೇ ಹಾಕುತ್ತಿದ್ದೇನೆ ಎಂದ ಫಾರೂಕ. ಆರು ವರ್ಷ ಎಂಬ ಮಾತು ಸುಭಾಷನ ಮೈಗೆ ಬೆಂಕಿ ಹಚ್ಚಿತು. ಅಲ್ಲಿ ಟ್ರ್ಯಾಕ್ಟರ್ ತಂದಿದ್ದ ಇಬ್ಬರು, ಗೂಡ್ಸ್ ಗಾಡಿಯ ಡ್ರೈವರ್ ಒಬ್ಬ, ಎಲ್ಲರೂ ನೋಡುತ್ತಿದ್ದರು. ನೋಡುವವರಿದ್ದರೆ ಮಾಸ್ತರನ ದನಿ ತಾನಾಗಿ ಒಂದು ಪಟ್ಟು ಏರುತ್ತದೆ.

"ಡಬ್ಬಿ ಮ್ಯಾಲ ಏನ್ ಬರದೈತಿ ಓದಿ ಹೇಳ್ರಿ ನೋಡೂಣು."

ಎಂದೂ ಫಾರೂಕ್ ಭಾಯಿ ಎಂದು ಕರೆಯದೆ ಮಾತು ಶುರು ಮಾಡದವನು ಅಂದು ಭಾಯಿ ಎನ್ನುವುದನ್ನು ಮರೆತಿದ್ದ. ಫಾರೂಕ ಅಂಗೈಯನ್ನು ಚಿಂದಿಗೆ ಒರೆಸಿಕೊಂಡು ಡಬ್ಬಿ ಎತ್ತಿ ಹಿಡಿದ. ಅಕ್ಷರವಿದ್ದ ಮಗ್ಗುಲು ಸುಭಾಷನ ಕಡೆಗಿತ್ತು, ಫಾರೂಕನ ಕಡೆ ಬರೀ ತಗಡಿತ್ತು. ಅವನು ಆ ಬರೀ ತಗಡನ್ನೇ ನೋಡುತ್ತ ನಿಂತ. "ಹೇಳ್ರಿ" ಎಂದು ಸುಭಾಷ ಕ್ಲಾಸಿನಲ್ಲಿ ಹೇಳುವಂತೆಯೇ ಇನ್ನೊಂದು ಸಲ ಹೇಳಿದ. ಗೂಡ್ಸ್ ಗಾಡಿಯವನು ಮೂಗಿನಲ್ಲಿ ನಕ್ಕ. ಫಾರೂಕ ಡಬ್ಬಿಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು, ಗಾಡಿ ನಿಮ್ಮದು ಸರ, ನಿಮಗೆ ಹೇಗೆ ಬೇಕೋ ಹಾಗೆ ಮಾಡಿಸಿರಿ ಎಂದು ಹೇಳಿ ಟ್ರ್ಯಾಕ್ಟರಿನ ಕೆಳಗೆ ಹೋದ. ಅವನ ಹಿಮ್ಮಡಿಗಳಷ್ಟೇ ಹೊರಗೆ ಕಾಣುತ್ತಿದ್ದವು. ಆ ಹಿಮ್ಮಡಿಗಳು ಕಾಣುತ್ತಿದ್ದಾಗಲೇ ಸುಭಾಷ ಬೆಂಚಿನ ಮೇಲಿನ ಡಬ್ಬಿಯ ಫೋಟೋ ತೆಗೆದುಕೊಂಡ.

ಫೋಟೋ ತೆಗೆದದ್ದು ಯಾಕೆ? ಸಾಕ್ಷಿಗೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಸಾಕ್ಷಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಬಿಟ್ಟು ಸಂಜೆ ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ್ದ. ಕೆಳಗೆ, 'ಡಬ್ಬಿಯ ಮೇಲಿನ ಎರಡಕ್ಷರ ಓದಲು ಬಾರದವರ ಕೈಗೆ ಲಕ್ಷದ ಗಾಡಿ ಕೊಡುತ್ತೇವೆ. ಅದಕ್ಕೇ ಹೇಳುವುದು, ಓದಿರಿ ಮಕ್ಕಳೇ' ಎಂದು ಬರೆದಿದ್ದ. ಸಹೋದ್ಯೋಗಿಗಳು ಕೈ ಚಪ್ಪಾಳೆ ಕಳಿಸಿದರು, ಹೆಡ್‌ಮಾಸ್ತರರು ನಗುವ ಮುಖ ಕಳಿಸಿದರು. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತ, ಯಾರು ಯಾರು ನೋಡಿದ್ದಾರೆಂದು ಹೆಸರುಗಳನ್ನು ಮೇಲೆ ಸರಿಸುವಾಗ 'ಫಾರೂಕ್ ಭಾಯಿ ಗ್ಯಾರೇಜ್' ಎಂಬುದು ಕಂಡು ಬ್ರಷ್ಷು ಬಾಯಲ್ಲೇ ನಿಂತಿತು. ಅವನ ನಂಬರು ತನ್ನ ಮೊಬೈಲಿನಲ್ಲಿದೆ, ತನ್ನ ನಂಬರು ಅವನ ಮೊಬೈಲಿನಲ್ಲಿದೆ ಎನ್ನುವುದು ಹೊಳೆದೇ ಇರಲಿಲ್ಲ. ಆದರೂ ಕೂಡಲೇ ಒಂದು ಸಮಾಧಾನ ಸಿಕ್ಕಿತು: ನೋಡಿದರೇನಾಯಿತು, ಅವನಿಗೆ ಓದಲು ಬರುವುದಿಲ್ಲವಲ್ಲ. ಬಾಯಿ ಮುಕ್ಕಳಿಸಿದ ಮೇಲೆ ಆ ಸಮಾಧಾನವೇ ನಾಲಿಗೆಯ ಮೇಲೆ ಕಹಿಯಾಗಿ ಉಳಿಯಿತು. ಯಾಕೆಂದರೆ ಫಾರೂಕನಿಗೆ ಓದಲು ಬಾರದಿದ್ದರೂ ಅವನ ಮಗಳು ಮುಬೀನಾಗೆ ಬರುತ್ತಿತ್ತು. ಅವಳು ಒಂಬತ್ತನೇ ತರಗತಿಯಲ್ಲಿ, ಇವನ ಕ್ಲಾಸಿನಲ್ಲಿ, ಎರಡನೇ ಬೆಂಚಿನಲ್ಲಿ ಕೂಡುತ್ತಿದ್ದಳು. ಆ ವಾರವೆಲ್ಲ ಸುಭಾಷ ಪಾಠ ಓದಿಸಲು ಮೊದಲ ಬೆಂಚಿನವರನ್ನು ಎಬ್ಬಿಸಿದ, ಕೊನೆಯ ಬೆಂಚಿನವರನ್ನು ಎಬ್ಬಿಸಿದ. ಬುಧವಾರ ಯಾರೂ ಸರಿಯಾಗಿ ಓದದೆ ಅವಳೇ ಕೈ ಎತ್ತಿದಾಗ ಬೇಡ ಎನ್ನಲಾಗಲಿಲ್ಲ. ಅವಳು ಎದ್ದು ನಿಂತು ಲೋಹಗಳ ಪಾಠವನ್ನು ತಡೆಯಿಲ್ಲದೆ ಓದಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋಗಿ ನಾಲ್ಕನೇ ದರ್ಜೆಯ ಎಣ್ಣೆ ತಂದ. ಅಂಗಡಿಯವನು ಐದು ಅಂದರೆ ನಾಲ್ಕಕ್ಕಿಂತ ಮೇಲಲ್ಲವೇ ಸರ, ಎಲ್ಲದಕ್ಕೂ ನಡೆಯುತ್ತದೆ ಎಂದ. ಸುಭಾಷ ಅವನಿಗೆ ಗಂಧಕದ ಪಾಠ ಹೇಳಿದ. ಪಾಠ ಮುಗಿಯುವವರೆಗೆ ಅಂಗಡಿಯವನು ಇನ್ನಿಬ್ಬರಿಗೆ ಸಾಮಾನು ಕಟ್ಟಿಕೊಟ್ಟು, ಆಮೇಲೆ ಹಿಂದಿನ ಕೋಣೆಯಿಂದ ಧೂಳು ಹಿಡಿದ ಡಬ್ಬಿಯೊಂದನ್ನು ತಂದಿಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಸುಭಾಷನಿಗೆ ತಾನು ಗೆದ್ದೆ ಎನ್ನಿಸಬೇಕಿತ್ತು. ಅದರ ಬದಲು, ಫಾರೂಕ ಬರೀ ತಗಡನ್ನು ನೋಡುತ್ತ ನಿಂತದ್ದೇ ಕಣ್ಣಿಗೆ ಬರುತ್ತಿತ್ತು. ಪೆಟ್ಟಿಗೆ ತೆರೆದರೆ ಹೊಳಪು ಕಾಣುತ್ತದೆ, ಕಂಡರೆ ಎಲ್ಲವೂ ಹಗುರಾಗುತ್ತದೆ ಎಂದು ಅಂದುಕೊಂಡ. ಕೆಟ್ಟ ಎಣ್ಣೆ ಹಾಕಿದವನಿಗೆ ಬೈದದ್ದು ತಪ್ಪಲ್ಲವಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಯಾವ ಮಿಸ್ತ್ರಿಯೂ ಬೇಡವೆಂದು ತಾನೇ ಜೀಪಿನ ಕೆಳಗೆ ಗೋಣಿತಟ್ಟು ಹಾಸಿ ಮಲಗಿದ್ದ. ಪೆಟ್ಟಿಗೆಯ ತಳದ ಬೋಲ್ಟು ಬಿಚ್ಚಿದರೆ ಹಳೆಯ ಎಣ್ಣೆ ಇಳಿಯುತ್ತದೆ, ಪಕ್ಕದಲ್ಲಿ ಮೇಲಿರುವ ಬೋಲ್ಟು ಬಿಚ್ಚಿ ಹೊಸದನ್ನು ತುಂಬುವುದು. ಇದರಲ್ಲಿ ಓದುವಂಥದ್ದೇನೂ ಇರಲಿಲ್ಲ, ಅದೇ ತೊಂದರೆಯಾಯಿತು. ತಳದ ಬೋಲ್ಟು ಎರಡೇ ತಿರುವಿಗೆ ಬಂತು, ಎಣ್ಣೆಯೆಲ್ಲ ಪರಾತಕ್ಕೆ ಇಳಿಯಿತು. ಹೊಳಪು ಹುಡುಕಿ ಸೋತ ಮೇಲೆ ಮೇಲಿನ ಬೋಲ್ಟಿಗೆ ಪಾನಾ ಹಾಕಿದ. ಅದು ಅಲುಗಲಿಲ್ಲ. ಕಾಲು ಗಾಲಿಗೆ ಒತ್ತಿ, ಹಲ್ಲು ಕಚ್ಚಿ ಎಳೆದ. ಪಾನಾ ಜಾರಿ ಗೆಣ್ಣಿನ ಚರ್ಮ ಸುಲಿಯಿತು. ಪಾನಾದ ಹಿಡಿಕೆಗೆ ನಲ್ಲಿ ಪೈಪು ಸಿಕ್ಕಿಸಿ ಎಳೆದಾಗ ಬೋಲ್ಟಿನ ಮೂಲೆಗಳೆಲ್ಲ ಸವೆದು ಅದು ಗುಂಡಗಾಯಿತು. ಆಗ ಅವನಿಗೆ ಹೊತ್ತಾಗಿ ಅರ್ಥವಾಯಿತು: ತುಂಬುವ ಬಾಯಿ ತೆರೆಯುತ್ತದೋ ಇಲ್ಲವೋ ನೋಡದೆ ಇದ್ದ ಎಣ್ಣೆ ಇಳಿಸಬಾರದಿತ್ತು. ಈಗ ಗಾಡಿಯ ಪೆಟ್ಟಿಗೆ ಒಣಗಿ ಕೂತಿದೆ. ಹೊಸ ಡಬ್ಬಿ ಕಟ್ಟೆಯ ಮೇಲಿದೆ. ನಾಳೆ ಬೆಳಿಗ್ಗೆ ಅಪ್ಪನ ಕಣ್ಣು ತೋರಿಸಲು ಕೊಪ್ಪಳಕ್ಕೆ ಹೊರಡಬೇಕು. ಮಗನ ಜೀಪಿನ ಮುಂದಿನ ಸೀಟು ಬಿಟ್ಟು ಇನ್ನೆಲ್ಲೂ ಕೂಡುವುದಿಲ್ಲವೆಂದು ಅಪ್ಪ ಹಟ ಹಿಡಿದಿದ್ದಾನೆ.

ಸುಕನ್ಯಾ ಬಾಗಿಲಿಗೆ ಬಂದು ಮೊದಲು ತನ್ನ ಪರಾತವನ್ನೂ ಆಮೇಲೆ ಗಂಡನನ್ನೂ ನೋಡಿದಳು. ಫಾರೂಕನಿಗೆ ಫೋನು ಹಚ್ಚಿರಿ ಎಂದಷ್ಟೇ ಹೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು, ಸ್ಟೇಟಸ್ಸನ್ನು ಅವಳೂ ನೋಡಿದ್ದಳು. ಅವನು ಇನ್ನೊಬ್ಬ ಮಿಸ್ತ್ರಿಯ ಹೆಸರು ಹೇಳಿದ. ಅವನು ದೇವರ ದರ್ಶನಕ್ಕೆ ಹುಲಿಗಿಗೆ ಹೋಗಿದ್ದಾನೆ ಎಂದಳು. ಮತ್ತೊಬ್ಬನ ಹೆಸರು ಹೇಳಿದ. ಅವಳು ಒಳಗೆ ಹೋದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಹುಲಿಗೆಪ್ಪ ಮೆಲ್ಲಗೆ ಇಳಿದು, ಗೋಡೆ ಹಿಡಿದು ಬಂದು ಪರಾತದೊಳಗೆ ಎರಡು ಬೆರಳು ಅದ್ದಿದ. ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ಚೀಲ ಹೊತ್ತವನು. ಈಗ ಕಣ್ಣಿಗೆ ಪೊರೆ ಬಂದು ಮನುಷ್ಯರ ಮುಖ ಕಾಣದಿದ್ದರೂ ಬೆರಳುಗಳು ಮಂದವಾಗಿರಲಿಲ್ಲ. ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಉಜ್ಜಿ, "ಇದೇನ್ ಕೆಟ್ಟಿಲ್ಲಲ್ಲೋ, ಯಾಕ ಇಳಿಸಿದಿ?" ಎಂದು ಕೇಳಿದ. ಸುಭಾಷನಿಗೆ ಅಪ್ಪನ ಮೇಲೆ ರೇಗಿತು. ನಿನಗೇನು ತಿಳಿಯುತ್ತದೆ ಎನ್ನುವ ಮಾತು ಬಾಯಿಯವರೆಗೆ ಬಂದು ನಿಂತಿತು.

ತಪ್ಪು ಫಾರೂಕನದೇ ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳಲು ಅವನು ಮೊಬೈಲು ತೆಗೆದ. ಫೋಟೋ ಅಲ್ಲೇ ಇತ್ತು. ದಪ್ಪ ಅಕ್ಷರದ ಐದು ಕೂಡ ಇತ್ತು. ಎರಡು ಬೆರಳಿನಿಂದ ಹಿಗ್ಗಿಸಿದ, ಎಣ್ಣೆ ಬೆರಳಿಗೆ ಗಾಜು ಜಾರಿ ಚಿತ್ರ ಡಬ್ಬಿಯ ಕೆಳಮೂಲೆಗೆ ಹೋಯಿತು. ಅಲ್ಲಿ ಸಣ್ಣ ಅಕ್ಷರದಲ್ಲಿ ಪ್ಯಾಕ್ ಮಾಡಿದ ತಿಂಗಳು, ವರ್ಷ ಇತ್ತು. ಹನ್ನೊಂದು ವರ್ಷದ ಹಿಂದಿನದು. ಅವನು ಲೆಕ್ಕ ತಪ್ಪಿತೇನೋ ಎಂದು ಬೆರಳು ಮಡಿಚಿ ಎಣಿಸಿದ. ಇಷ್ಟು ವರ್ಷ ಐದು ಲೀಟರು ಒಂದೇ ಡಬ್ಬಿಯಲ್ಲಿ ಖಾಲಿಯಾಗದೆ ಉಳಿಯುವುದಿಲ್ಲ. ಹಿಡಿಕೆಗೆ ತಂತಿ ಸುತ್ತಿತ್ತು, ಬಾಯಿಗೆ ಸಣ್ಣ ನಳಿಕೆಯೊಂದನ್ನು ಬೆಸುಗೆ ಹಾಕಿತ್ತು. ಅದು ಎಣ್ಣೆ ಕೊಂಡ ಡಬ್ಬಿಯಲ್ಲ, ಎಣ್ಣೆ ಹೊಯ್ಯುವ ಡಬ್ಬಿ. ಬ್ಯಾರಲ್ಲಿನಿಂದ ತುಂಬಿಕೊಂಡು, ಮುಗಿದಾಗ ಮತ್ತೆ ತುಂಬಿಕೊಂಡು, ಗ್ಯಾರೇಜುಗಳಲ್ಲಿ ಚೊಂಬಿನ ಹಾಗೆ ಬಳಸುವಂಥದ್ದು. ಒಳಗಿರುವುದಕ್ಕೂ ಹೊರಗೆ ಬರೆದದ್ದಕ್ಕೂ ಸಂಬಂಧವೇ ಇರಲಿಲ್ಲ. ಹೊಳಪಿಲ್ಲದ ಎಣ್ಣೆ ಪರಾತದಲ್ಲಿ ಬಿಸಿಲು ಕಾಯಿಸುತ್ತಿತ್ತು. ಓದು ಓದು ಎಂದು ನಾಲ್ಕು ಜನರೆದುರು ಒಬ್ಬನ ಜೀವ ಹಿಂಡಿದ ಮಾಸ್ತರ ತಾನೇ ಆ ಡಬ್ಬಿಯನ್ನು ಪೂರ್ತಿ ಓದಿರಲಿಲ್ಲ.

ಗೋಣಿಚೀಲವೂ ಹಾಗೇ ಅಲ್ಲವೇ ಎಂದು ಯಾಕೆ ಅನ್ನಿಸಿತೋ. ಕೆಳಗೆ ಹಾಸಿದ್ದ ತಟ್ಟಿನ ವಾಸನೆಗಿರಬಹುದು. ಅವನು ಹುಡುಗನಾಗಿದ್ದಾಗ ಒಂದು ದಿನ ಮಿಲ್ಲಿನ ಅಂಗಳದಲ್ಲಿ ಲಾರಿ ನಿಂತಿತ್ತು, ಅಪ್ಪ ಇಪ್ಪತ್ತು ಚೀಲ ಏರಿಸಿ ಮುಗಿಸಿದ್ದ. ಗುಮಾಸ್ತ ಬಂದು ಚೀಲದ ಮೇಲಿನ ಕಪ್ಪು ಅಕ್ಷರ ನೋಡಿ, ನಾನು ಸೋನಾ ಮಸೂರಿ ಅಂದರೆ ನೀನು ಬೇರೇನೋ ಏರಿಸಿದ್ದೀ ಎಂದು ಕೂಗಾಡಿದ. ಇದು ಸೋನಾನೇ ಎಂದ ಅಪ್ಪ. ಚೀಲದ ಹೊಲಿಗೆಯ ಸಂದಿನಿಂದ ಎರಡು ಕಾಳು ಉದುರಿಸಿಕೊಂಡು ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಉಜ್ಜಿ, ಕೈಗೆ ತಿಳಿಯುತ್ತದಲ್ಲರೀ ಎಂದ. ಕೈಗೆ ತಿಳಿಯುವುದು ಬೇಡ, ಬರೆದದ್ದನ್ನು ಓದು ಎಂದ ಗುಮಾಸ್ತ. ಎಂಟನೇ ತರಗತಿಯ ಸುಭಾಷ ಬುತ್ತಿ ತಂದು ಅಲ್ಲೇ ನಿಂತಿದ್ದ. ಅಪ್ಪ ಓದದೆ ನಿಂತದ್ದು ನೋಡಿ ಅವನಿಗೆ ಗುಮಾಸ್ತನ ಮೇಲೆ ಸಿಟ್ಟು ಬರಲಿಲ್ಲ. ಅಪ್ಪನ ಬಗ್ಗೆ ಎಂಥದೋ ನಾಚಿಕೆಯಾಯಿತು. ನಿನ್ನ ಮಗ ಸಾಲಿಗೆ ಹೋಗುತ್ತಾನಲ್ಲ, ಅವನೇ ಓದಲಿ ಎಂದು ಗುಮಾಸ್ತ ಹೇಳಿದ್ದೇ ತಡ, ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ. ಇಡೀ ಅಂಗಳಕ್ಕೆ ಕೇಳುವಂತೆ, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದಿದ. ಅಪ್ಪ ಇಪ್ಪತ್ತೂ ಚೀಲಗಳನ್ನು ಒಂದೊಂದಾಗಿ ಇಳಿಸಿ ಒಳಗೆ ಹೊತ್ತ. ಗುಮಾಸ್ತ ತನ್ನ ಜೇಬಿನ ನೀಲಿ ಪೆನ್ನು ತೆಗೆದುಕೊಟ್ಟ. ಅದೇ ಪೆನ್ನಿನಲ್ಲಿ ಸುಭಾಷ ಆ ವರ್ಷದ ಪರೀಕ್ಷೆ ಬರೆದ, ಕ್ಲಾಸಿಗೆ ಮೊದಲನೆಯವನಾದ. ಮಿಲ್ಲಿನವರು ಹಳೆಯ ಚೀಲಗಳನ್ನು ಕೊಂಡು ತಂದು ಮತ್ತೆ ಮತ್ತೆ ತುಂಬುತ್ತಿದ್ದರು ಎನ್ನುವುದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಆದರೆ ಆ ಗೊತ್ತಿದ್ದದ್ದನ್ನೂ ಆ ಅಂಗಳವನ್ನೂ ಅವನು ಎಂದೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಆ ಚೀಲದೊಳಗೆ ಏನಿತ್ತೆಂದು ಅವತ್ತು ಯಾರೂ ಬಿಚ್ಚಿ ನೋಡಲಿಲ್ಲ.

ಊಟಕ್ಕೆ ಕೂತವನು ಎರಡು ತುತ್ತಿಗೇ ಎದ್ದ. ಸ್ಕೂಟರ್ ಹತ್ತಿ ತಾವರಗೇರಾ ರಸ್ತೆಗೆ ಬಂದ. ಗ್ಯಾರೇಜಿನ ಮುಂದೆ ಬರುತ್ತಲೇ ವೇಗ ತಾನಾಗಿ ಹೆಚ್ಚಾಯಿತು. ಊರು ಮುಗಿದು ಜೋಳದ ಹೊಲ ಶುರುವಾಗುವವರೆಗೂ ಹೋಗಿ, ಅಲ್ಲಿ ಸುಮ್ಮನೆ ಹೊರಳಿಸಿ, ಮತ್ತೆ ಗ್ಯಾರೇಜು ದಾಟಿ ಬಂದ. ಬೇಕರಿಯ ಮುಂದೆ ನಿಲ್ಲಿಸಿ, ಬೇಡದಿದ್ದರೂ ಚಹಾ ಕುಡಿದ. ಏನೆಂದು ಹೇಳುವುದು? ತಪ್ಪಾಯಿತು ಎನ್ನುವ ಒಂದು ಮಾತು. ಮಕ್ಕಳಿಂದ ಅದನ್ನು ದಿನಕ್ಕೆ ಹತ್ತು ಸಲ ಹೇಳಿಸುತ್ತಾನೆ. ಈಗ ಅದನ್ನೇ ಬಾಯಲ್ಲಿ ಹೊರಳಿಸಿ ನೋಡಿದರೆ ಯಾರದೋ ಎಂಜಲಿನಂತಿತ್ತು. ಮೊದಲು ಬೋಲ್ಟಿನ ವಿಷಯ ಹೇಳಬೇಕೋ, ಡಬ್ಬಿಯ ವಿಷಯವೋ? ಬೋಲ್ಟು ಮೊದಲು ಹೇಳಿದರೆ ಕೆಲಸಕ್ಕಾಗಿ ಬಂದಂತಾಗುತ್ತದೆ. ಡಬ್ಬಿ ಮೊದಲು ಹೇಳಿ ಆಮೇಲೆ ಬೋಲ್ಟು ಎಂದರೆ ಕೆಲಸಕ್ಕಾಗಿಯೇ ತಪ್ಪೊಪ್ಪಿಕೊಂಡಂತಾಗುತ್ತದೆ. ಕೆಲಸವೇ ಬೀಳದಿದ್ದರೆ ತಾನು ಬರುತ್ತಿದ್ದೆನೇ ಎಂದು ಕೇಳಿಕೊಂಡ, ಉತ್ತರ ಬರುವುದರೊಳಗೆ ಸ್ಕೂಟರ್ ಚಾಲೂ ಮಾಡಿದ. ಮೂರನೇ ಸಲ ಗ್ಯಾರೇಜಿನ ಮುಂದೆ ನಿಂತಾಗ ಫಾರೂಕ ಒಬ್ಬನೇ ಇದ್ದ, ಬ್ರೇಕಿನ ತಂತಿಗೆ ಗ್ರೀಸು ಹಚ್ಚುತ್ತಿದ್ದ. ತಲೆ ಎತ್ತಿ ಸುಭಾಷನ ಮೊಳಕೈವರೆಗಿನ ಎಣ್ಣೆಯನ್ನೂ ಸುಲಿದ ಗೆಣ್ಣನ್ನೂ ನೋಡಿದ.

"ಮ್ಯಾಲಿನ ಬೋಲ್ಟು ಬರವಲ್ದೇನ್ರಿ ಸರ?"

ಸುಭಾಷ ಹೂಂ ಎಂದ. ಇಡೀ ದಾರಿ ಜೋಡಿಸಿಕೊಂಡು ಬಂದ ಮಾತೆಲ್ಲ ಆ ಹೂಂ ಒಳಗೇ ಮುಗಿದುಹೋಯಿತು. ಫಾರೂಕ ನಗಲಿಲ್ಲ. ಚೀಲಕ್ಕೆ ಉಳಿ, ಸುತ್ತಿಗೆ ಹಾಕಿಕೊಂಡ, ಹಸಿರು ಡಬ್ಬಿಯನ್ನೂ ಎತ್ತಿಕೊಂಡು ಸ್ಕೂಟರಿನ ಹಿಂದೆ ಕೂತ. ದಾರಿಯುದ್ದಕ್ಕೂ ಆ ಡಬ್ಬಿಯ ಅಂಚು ಸುಭಾಷನ ಬೆನ್ನಿಗೆ ತಾಗುತ್ತಿತ್ತು.

ಮನೆಯ ಮುಂದೆ ಇಳಿದು ಹುಲಿಗೆಪ್ಪನಿಗೆ ಕಾಕಾ ಆರಾಮೇನ್ರಿ ಎಂದು ಕೇಳಿ, ಫಾರೂಕ ಜೀಪಿನ ಕೆಳಗೆ ಜಾರಿದ. ಸುಭಾಷನೂ ಪಕ್ಕದಲ್ಲಿ ಜಾರಿ ಟಾರ್ಚು ಹಿಡಿದ. ಗುಂಡಗಾದ ಬೋಲ್ಟನ್ನು ಫಾರೂಕ ಬೆರಳಿನಿಂದ ಸವರಿದ, ಪೆಟ್ಟು ಬಿದ್ದ ಕೂಸಿನ ಹಣೆ ಸವರಿದ ಹಾಗೆ. ಉಳಿಯನ್ನು ಅದರ ಅಂಚಿಗೆ ಇಟ್ಟು, ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದು ಪೆಟ್ಟು ಹಾಕಿದ. ಆಮೇಲೆ ಬಿಚ್ಚುವ ಕಡೆಗೆ ಎರಡು. ಬೋಲ್ಟು ಕಿರ್ರೆಂದು ಮಿಸುಕಿತು. ಬೆಳಗಿನಿಂದ ಎಳೆದು ಎಳೆದು ಸತ್ತದ್ದು ಮೂರು ಪೆಟ್ಟಿನ ಕೆಲಸ. ಜೀಪಿನ ಕೆಳಗಿನ ಇಕ್ಕಟ್ಟಿನಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದುದರಿಂದ, ಸುಭಾಷನಿಗೆ ಬಾಯಿ ಬಂತು. ಡಬ್ಬಿ ಹಳೆಯದು, ಒಳಗಿನದು ಬೇರೆ, ಅಲ್ಲವೇ ಎಂದು ಕೇಳಿದ. ಹೌದು, ಬ್ಯಾರಲ್ಲಿನದು, ಹಿತ್ತಾಳೆ ರಿಂಗಿನ ಪೆಟ್ಟಿಗೆಗಳಿಗೆಲ್ಲ ಅದೇ, ಕ್ರೌನಿನ ಎಣ್ಣೆ ಬೇರೆ ಡಬ್ಬಿಯಲ್ಲಿರುತ್ತದೆ, ಈ ಡಬ್ಬಿಯ ನಳಿಕೆ ಸಣ್ಣದು, ಚೆಲ್ಲುವುದಿಲ್ಲ ಎಂದು ಫಾರೂಕ ಬೋಲ್ಟು ತಿರುಗಿಸುತ್ತ ಹೇಳಿದ.

"ಮತ್ತ ಅವತ್ತ ಯಾಕ ಹೇಳಲಿಲ್ಲ ಫಾರೂಕ್ ಭಾಯಿ?"

"ನೀವು ಓದು ಅಂದ್ರಿ ಸರ. ಎಣ್ಣಿ ಯಾವುದು ಅಂತ ಕೇಳಲಿಲ್ಲ."

ಈಗ ಹೇಳಬೇಕು, ಈಗಲ್ಲದಿದ್ದರೆ ಇನ್ನೆಂದೂ ಇಲ್ಲ. ಭಾಯಿ, ಆ ಫೋಟೋ, ಎಂದು ಸುಭಾಷ ಶುರು ಮಾಡಿದ. ಫಾರೂಕ ಬೋಲ್ಟನ್ನು ಕೈಗೆ ತೆಗೆದುಕೊಂಡು ಅದರ ಎಳೆಗಳನ್ನು ಚಿಂದಿಯಿಂದ ಒರೆಸುತ್ತಿದ್ದ.

"ಫೋಟೋ ನೋಡಿದೆರಿ ಸರ. ಮುಬೀನಾ ಓದಿ ಹೇಳಿದಳು. 'ಫಾರೂಕ್ ಭಾಯಿಯ ಈ ಡಬ್ಬಿಯೊಳಗಿನ ಎಣ್ಣಿ ಎಲ್ಲೂ ಸಿಗೂದಿಲ್ಲ, ಆರು ವರ್ಷದಿಂದ ಇದನ್ನ ಹಾಕಸ್ತೀನಿ' ಅಂತ ಬರದೀರಂತ. ಗ್ಯಾರೇಜಿನ್ಯಾಗ ಸಿಟ್ಟಿಗೆದ್ದು ಹೋದವ್ರು ಮನಿಗೆ ಹೋಗಿ ಹಂಗ ಬರದೀರಲ್ಲ ಅಂತ ಮನಸ್ಸಿಗೆ ಭಾಳ ಹಗುರ ಆತ್ರಿ. ಇಲ್ಲಂದ್ರ ಇವತ್ತ ನಾ ಬರ್ತಿರಲಿಲ್ಲ."

ಮೇಲೆ ಜೀಪಿನ ತಗಡು ಬಿಸಿಲಿಗೆ ಕಾದು ಟಕ್ಕೆಂದಿತು. ಸುಭಾಷನ ಕಣ್ಣಿಗೆ ಮುಬೀನಾ ಎದ್ದು ನಿಂತು ತಡೆಯಿಲ್ಲದೆ ಪಾಠ ಓದಿದ್ದು ಬಂತು. ಆ ಹುಡುಗಿ ಅಪ್ಪನ ಪಕ್ಕದಲ್ಲಿ ಕೂತು, ಮೊಬೈಲಿನ ಅಕ್ಷರಗಳ ಮೇಲೆ ಬೆರಳು ಸರಿಸುತ್ತ, ಅಲ್ಲಿ ಇಲ್ಲದ್ದನ್ನು ಇದೆಯೆಂಬಂತೆ ಒಂದಕ್ಷರ ತಡವರಿಸದೆ ಓದಿದ್ದಾಳೆ. ಹದಿನಾಲ್ಕು ವರ್ಷದ ಹುಡುಗಿ. ಮಿಲ್ಲಿನ ಅಂಗಳದಲ್ಲಿ ಚೀಲ ಓದಿದಾಗ ಅವನಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಈಗ ತಪ್ಪಾಯಿತು ಎಂದರೆ ಏನಾಗುತ್ತದೆ ಎನ್ನುವುದು ಸ್ಪಷ್ಟವಾಗಿ ಕಂಡಿತು. ತನ್ನ ಎದೆ ಹಗುರಾಗುತ್ತದೆ, ಮಗಳು ಸುಳ್ಳು ಓದಿದಳೆಂದು ಈ ಮನುಷ್ಯನಿಗೆ ಗೊತ್ತಾಗುತ್ತದೆ, ಒಂದು ವಾರ ತಡವಾಗಿ ಆ ಸ್ಟೇಟಸ್ಸನ್ನು ತಾನೇ ಇವನ ಕಿವಿಗೆ ಓದಿದಂತಾಗುತ್ತದೆ. ಬೆಳಗಿನಿಂದ ಹೊತ್ತು ತಿರುಗಿದ ಮಾತನ್ನು ಇಳಿಸುವ ಜಾಗವನ್ನು ಆ ಹುಡುಗಿ ಮುಚ್ಚಿಬಿಟ್ಟಿದ್ದಳು.

"ಹೌದ್ರಿ," ಎಂದ ಸುಭಾಷ. "ಹಂಗ ಬರದಿದ್ದೆ."

ಫಾರೂಕ ಕತ್ತು ಹೊರಳಿಸಿ ಟಾರ್ಚಿನ ಬೆಳಕಿನಾಚೆಯಿಂದ ಅವನನ್ನು ನೋಡಿದ. ನಂಬಿದನೋ, ಮಗಳು ಓದಿದ್ದು ಎಂಥದೆಂದು ಮೊದಲೇ ಗೊತ್ತಿತ್ತೋ, ಹೇಳುವಂತಿರಲಿಲ್ಲ. ಎಣ್ಣೆ ಕೊಡ್ರಿ ಸರ ಎಂದ. ಸುಭಾಷ ಹೊರಗೆ ಜಾರಿ ಹಸಿರು ಡಬ್ಬಿಯನ್ನೇ ಎತ್ತಿಕೊಟ್ಟ. ಅದನ್ನಾದರೂ ಮಾಡಿ ಒಳಗಿನ ಭಾರ ಒಂದಿಷ್ಟು ಇಳಿಸಬೇಕಿತ್ತು ಅವನಿಗೆ. ಫಾರೂಕ ಕಟ್ಟೆಯ ಮೇಲಿನ ಹೊಸ ಡಬ್ಬಿಯ ಕಡೆ ಕೈ ಮಾಡಿ ಅದನ್ನೂ ಕೇಳಿದ. ಮುಚ್ಚಳ ತೆಗೆದು ಎರಡು ಹನಿ ಬೆರಳಿಗೆ ಹಚ್ಚಿಕೊಂಡು ಉಜ್ಜಿದ, ಮೂಸಿದ. ಇದೂ ಅದೇ ಜಾತಿಯದು, ಛಲೋ ಐತಿ, ಸುಮ್ಮನೆ ಯಾಕೆ ಕೆಡಿಸುವುದು, ಇದನ್ನೇ ಹಾಕೋಣ ಎಂದ. ಬೇಡ, ನಿಮ್ಮದೇ ಹಾಕಿರಿ ಎಂದು ಸುಭಾಷ ಒತ್ತಾಯ ಮಾಡಿದ. ಅವನ ದನಿ ಬೇಡುವವನ ದನಿಯಾಗಿತ್ತು. ಫಾರೂಕ ಬೇಡವೆಂದು ತಲೆಯಾಡಿಸಿ, ಹೊಸ ಎಣ್ಣೆಯನ್ನು ತನ್ನ ಡಬ್ಬಿಗೆ ಸುರಿದುಕೊಂಡು, ಆ ಸಣ್ಣ ನಳಿಕೆಯಿಂದ ಒಂದು ಹನಿಯೂ ಚೆಲ್ಲದಂತೆ ಪೆಟ್ಟಿಗೆಗೆ ತುಂಬಿದ. ಬೋಲ್ಟು ಬಿಗಿದ ಮೇಲೆ, ಇನ್ನು ಮುಂದೆ ತುಂಬುವುದನ್ನು ಮೊದಲು ಬಿಚ್ಚಿರಿ, ಇಳಿಸುವುದು ಆಮೇಲೆ ಎಂದಷ್ಟೇ ಹೇಳಿದ. ಚಹಾ ಕುಡಿದ. ಬಿಟ್ಟು ಬರುತ್ತೇನೆಂದರೂ ಕೇಳದೆ, ಡಬ್ಬಿ ಹಿಡಿದುಕೊಂಡು ನಡೆದೇ ಹೋದ.

ಹೊತ್ತು ಇಳಿಯುವಾಗ ಸುಭಾಷ ಜೀಪನ್ನು ಓಣಿಯ ತುದಿಯವರೆಗೆ ಓಡಿಸಿಕೊಂಡು ಬಂದ. ಗೇರು ಮೆತ್ತಗೆ ಬೀಳುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತಿದ್ದ ಹುಲಿಗೆಪ್ಪ, ನಾಳೆ ಹೋಗುವುದು ಖಾತ್ರಿಯಾಯಿತೆಂದು ತಲೆಗೆ ಸುತ್ತಿದ ವಲ್ಲಿಯನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಮನೆಯ ಮುಂದೆ ಇಂಜಿನ್ನು ನಿಲ್ಲಿಸಿದ ಮೇಲೂ ಇಬ್ಬರೂ ಇಳಿಯಲಿಲ್ಲ. ಒಳಗೆ ಸುಕನ್ಯಾ ಪರಾತವನ್ನು ಬೂದಿ ಹಾಕಿ ತಿಕ್ಕುವ ಸದ್ದು ಕೇಳುತ್ತಿತ್ತು. ಸುಭಾಷ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಮುಂದಿನ ಗಾಜನ್ನೇ ನೋಡುತ್ತ ಕೇಳಿದ.

"ಯಪ್ಪಾ, ಅವತ್ತ ಮಿಲ್ಲಿನ್ಯಾಗ ಆ ಚೀಲದಾಗ ಏನಿತ್ತು?"

ಯಾವ ಚೀಲ ಎಂದು ಅಪ್ಪ ಕೇಳಲಿಲ್ಲ. ಯಾವತ್ತು ಎಂದೂ ಕೇಳಲಿಲ್ಲ. ಪೊರೆ ಬಂದ ಕಣ್ಣುಗಳನ್ನು ಮಗನ ದನಿಯ ಕಡೆ ತಿರುಗಿಸಿದ.

"ನೀ ಏನ್ ಓದಿದ್ಯೋ ಅದ ಇತ್ತಪಾ," ಎಂದ.

ತೊಡೆಯ ಮೇಲಿನ ವಲ್ಲಿಯಲ್ಲಿ ಅವನ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ, ಎರಡು ಕಾಳು ಸಿಕ್ಕಿಕೊಂಡಿವೆಯೇನೋ ಎಂಬಂತೆ, ಉಜ್ಜುತ್ತಲೇ ಇತ್ತು.